ಡಿಎನ್‌ಎಯಿಂದ ಪ್ರೋಟೀನ್‌ವರೆಗೆ: ಯಾವ ಆರ್‌ಎನ್‌ಎ ಎಲ್ಲಿ ಏನ್ ಕೆಲಸ ಮಾಡತ್ತೆ, ಪೆನ್ನು ಪೇಪರ್ ಹಿಡಿದು ನೀವೇ ಮಾಡಿ ನೋಡಿ

ಎಂಆರ್‌ಎನ್‌ಎ ಸಂದೇಶ ತರತ್ತೆ, ಟಿಆರ್‌ಎನ್‌ಎ ಅಮೈನೋ ಆಸಿಡ್ ಹೊತ್ಕೊಂಡು ಬರತ್ತೆ, ಆರ್‌ಆರ್‌ಎನ್‌ಎ ಸೇರಿ ರೈಬೋಸೋಮ್ (ಪ್ರೋಟೀನ್ ಕಟ್ಟೋ ಯಂತ್ರ) ಆಗತ್ತೆ. ಈ ಮೂರು ಸಾಲು ಬಾಯಿಪಾಠ ಮಾಡಿದ್ರೆ ಪರೀಕ್ಷೇಲಿ ಮಾರ್ಕ್ಸ್ ಬರತ್ತೆ, ಸರಿ. ಆದ್ರೆ "ಟಿಆರ್‌ಎನ್‌ಎಗೆ ತನ್ನ ಅಮೈನೋ ಆಸಿಡ್ ಯಾವ್ದು ಅಂತ ಹೆಂಗೆ ಗೊತ್ತಾಗತ್ತೆ?", "ಅಮೈನೋ ಆಸಿಡ್‌ಗಳನ್ನ ಒಂದಕ್ಕೊಂದು ಜೋಡಿಸೋದು ಯಾರು?" ಅಂತ ಯಾರಾದ್ರೂ ಮುಂದಿನ ಪ್ರಶ್ನೆ ಕೇಳಿದ್ರೆ ಅಲ್ಲೇ ಗಾಡಿ ನಿಂತ್ಹೋಗತ್ತೆ. ಮೂರನೇ ಸಾಲಂತೂ ಅರ್ಧ ಸತ್ಯ. ಆರ್‌ಆರ್‌ಎನ್‌ಎ ಸುಮ್ನೆ ಗೋಡೆ ಕಟ್ಟೋ ಸಾಮಾನಲ್ಲ, ನಿಜವಾದ ಕೆಲಸಗಾರ ಅದೇ, ಅದನ್ನ ಕೆಳಗೆ ಹಂತ 5ರಲ್ಲಿ ನೋಡ್ತೀರಿ.

ಹಾಗಾಗಿ ಇಲ್ಲಿ ಡೆಫಿನಿಷನ್ ಪಟ್ಟಿ ಕೊಡಲ್ಲ. ಒಂದು ಪುಟ್ಟ ಜೀನ್ ತಗೊಂಡು ಅದು ಪ್ರೋಟೀನ್ ಆಗೋವರೆಗೂ ಕೈಯಾರೆ ಬರ್ಕೊಂಡು ಹೋಗೋಣ, ದಾರೀಲಿ ಯಾವ ಆರ್‌ಎನ್‌ಎ ಎದುರಾಗತ್ತೋ ಅದನ್ನ ಅಲ್ಲೇ ಮಾತಾಡ್ಸೋಣ. ಬೇಕಾಗಿರೋದು ಒಂದು ಹಾಳೆ, ಎರಡು ಬಣ್ಣದ ಪೆನ್ನು, 64 ಕೋಡಾನ್ (ಒಂದು ಅಮೈನೋ ಆಸಿಡ್ ಅಥವಾ ಸ್ಟಾಪ್ ಸೂಚಿಸೋ ಮೂರಕ್ಷರದ ಗುಂಪು) ಇರೋ ಜೆನೆಟಿಕ್ ಕೋಡ್ ಟೇಬಲ್ (ಯಾವ ಬಯಾಲಜಿ ಪುಸ್ತಕದಲ್ಲಾದ್ರೂ ಇರತ್ತೆ), ಮತ್ತೆ ಸ್ವಲ್ಪ ತಾಳ್ಮೆ.

ಶುರು ಮಾಡೋಕ್ ಮುಂಚೆ ಎರಡು ನಿಯಮ

ಮೊದಲನೇದು ಜೋಡಿ. ಡಿಎನ್‌ಎ ಎಳೆ ಅಂದ್ರೆ ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳ (ಬೇಸ್‌ಗಳ) ಸಾಲು. ಡಿಎನ್‌ಎಯ ಎ ಎದುರಿಗೆ ಆರ್‌ಎನ್‌ಎಯಲ್ಲಿ ಯು ಬರತ್ತೆ, ಟಿ ಎದುರಿಗೆ ಎ, ಜಿ ಎದುರಿಗೆ ಸಿ, ಸಿ ಎದುರಿಗೆ ಜಿ. ಆರ್‌ಎನ್‌ಎಯಲ್ಲಿ ಟಿ ಬದಲು ಯು ಅನ್ನೋದು ನೆನಪಿದ್ರೆ ಸಾಕು.

ಎರಡನೇದು ದಿಕ್ಕು, ಮುಕ್ಕಾಲು ಪಾಲು ಜನ ತಪ್ಪು ಮಾಡೋದು ಇಲ್ಲೇ. ಪ್ರತಿ ಎಳೆಗೂ ಎರಡು ತುದಿ, ಒಂದು 5′, ಇನ್ನೊಂದು 3′. ಎರಡು ಎಳೆ ಜೋಡಿ ಆಗ್ಬೇಕಾದ್ರೆ ಅವು ಯಾವಾಗ್ಲೂ ಎದುರುಬದುರು ದಿಕ್ಕಲ್ಲೇ ಕೂರ್ತವೆ, ಒಂದರ 5′ ತುದಿ ಇನ್ನೊಂದರ 3′ ತುದಿ ಕಡೆ. ಹೊಸ ಆರ್‌ಎನ್‌ಎ ಬೆಳೆಯೋದು 5′ ಇಂದ 3′ ಕಡೆಗೆ, ರೈಬೋಸೋಮ್ ಓದೋದೂ 5′ ಇಂದ 3′ ಕಡೆಗೆ. ಹಾಳೆ ಮೇಲೆ ಪ್ರತಿ ಸಲ ತುದಿ ಗುರುತು ಹಾಕ್ಲೇಬೇಕು, "ಆಮೇಲೆ ಹಾಕಣ" ಅಂದ್ರೆ ಆಂಟಿಕೋಡಾನ್ (ಕೋಡಾನ್‌ಗೆ ಜೋಡಿ ಆಗೋ ಟಿಆರ್‌ಎನ್‌ಎಯ ಮೂರು ಅಕ್ಷರ) ಬರೆಯೋ ಹೊತ್ತಿಗೆ ಎಲ್ಲಾ ಉಲ್ಟಾ ಆಗಿರತ್ತೆ.

ಹಂತ 1: ಡಿಎನ್‌ಎ ನೋಡಿ ಕಾಪಿ ತೆಗೆಯೋದು

ಹಾಳೆ ಮೇಲೆ ಈ ಡಿಎನ್‌ಎ ಟೆಂಪ್ಲೇಟ್ ಎಳೆ ಬರ್ಕೊಳ್ಳಿ:

3′ – ಜಿಜಿಟಿ ಟಿಎಸಿ ಸಿಜಿಎ ಎಸಿಸಿ | ಸಿಎಟಿಟಿಸಿಎ … ಟಿಸಿ | ಟಿಟಿಟಿ ಎಎಜಿ ಎಟಿಟಿ ಸಿಜಿ – 5′

ಎರಡು ಗೆರೆ ಮಧ್ಯೆ ಇರೋದು ಇಂಟ್ರಾನ್, ಅಂದ್ರೆ ಆಮೇಲೆ ಕತ್ತರಿಸಿ ತೆಗೆಯೋ ಭಾಗ, ಚುಕ್ಕಿ ಹಾಕಿರೋ ಜಾಗದಲ್ಲಿ ನಿಜವಾದ ಜೀನ್‌ನಲ್ಲಿ ನೂರಾರು, ಎಷ್ಟೋ ಸಲ ಸಾವಿರಾರು ಅಕ್ಷರ ಇರ್ತವೆ, ಇದು ಅಭ್ಯಾಸಕ್ಕೆ ಮಾಡಿರೋ ಆಟಿಕೆ ಜೀನ್ ಅಷ್ಟೇ. ಈಗ ಕೆಳಗೆ ಜೋಡಿ ಅಕ್ಷರ ಬರೀರಿ. ಬರಬೇಕಾಗಿರೋದು:

5′ – ಸಿಸಿಎ ಎಯುಜಿ ಜಿಸಿಯು ಯುಜಿಜಿ | ಜಿಯುಎಎಜಿಯು … ಎಜಿ | ಎಎಎ ಯುಯುಸಿ ಯುಎಎ ಜಿಸಿ – 3′

ಈ ಕೆಲಸ ಮಾಡೋದು ಆರ್‌ಎನ್‌ಎ ಪಾಲಿಮರೇಸ್ ಅನ್ನೋ ಎಂಜೈಮ್. ನಮ್ಮಂಥ ನ್ಯೂಕ್ಲಿಯಸ್ ಇರೋ ಜೀವಿಗಳಲ್ಲಿ ಮುಖ್ಯವಾಗಿ ಮೂರು ಪಾಲಿಮರೇಸ್ ಇದಾವೆ. ಒಂದನೇದು ದೊಡ್ಡ ಆರ್‌ಆರ್‌ಎನ್‌ಎಗಳಿಗೆ, ಎರಡನೇದು ಎಂಆರ್‌ಎನ್‌ಎಗೆ, ಮೂರನೇದು ಟಿಆರ್‌ಎನ್‌ಎ ಮತ್ತೆ 5ಎಸ್ ಅನ್ನೋ ಪುಟಾಣಿ ಆರ್‌ಆರ್‌ಎನ್‌ಎಗೆ. ಬ್ಯಾಕ್ಟೀರಿಯಾದಲ್ಲಿ ಒಂದೇ ಪಾಲಿಮರೇಸ್ ಎಲ್ಲಾ ನೋಡ್ಕೊಳತ್ತೆ. ಅಂದ್ರೆ ಟಿಆರ್‌ಎನ್‌ಎ, ಆರ್‌ಆರ್‌ಎನ್‌ಎ ಕೂಡ ಡಿಎನ್‌ಎಯಿಂದಾನೇ ಕಾಪಿ ಆಗಿ ಬರೋದು, ಆದ್ರೆ ಅವು ಪ್ರೋಟೀನ್ ಆಗಲ್ಲ, ಆರ್‌ಎನ್‌ಎ ಆಗಿಯೇ ಉಳ್ಕೊಂಡು ಕೆಲಸ ಮಾಡ್ತವೆ. ಇದನ್ನ ಒಂದ್ಸಲ ಸರಿಯಾಗಿ ತಲೆಗೆ ಹಾಕ್ಕೊಳ್ಳಿ, "ಜೀನ್ ಅಂದ್ರೆ ಪ್ರೋಟೀನ್ ರೆಸಿಪಿ" ಅಂತ ತುಂಬ ಜನ ಅಂದ್ಕೊಂಡಿರೋದು ಪೂರ್ತಿ ಸರಿ ಅಲ್ಲ.

ಇನ್ನೊಂದು ಮಾತು. ಎಂಆರ್‌ಎನ್‌ಎಗೆ ಎಷ್ಟು ಹೆಸರಿದ್ರೂ ಜೀವಕೋಶದ ಒಟ್ಟು ಆರ್‌ಎನ್‌ಎಯಲ್ಲಿ ಅದರ ಪಾಲು ಶೇ. 5ರ ಆಸುಪಾಸು ಮಾತ್ರ. ಸುಮಾರು ಶೇ. 80 ಆರ್‌ಆರ್‌ಎನ್‌ಎ, ಶೇ. 15ರಷ್ಟು ಟಿಆರ್‌ಎನ್‌ಎ. ಜೀವಕೋಶ ಯಾವುದಕ್ಕೆ ಖರ್ಚು ಮಾಡ್ತಿದೆ ಅಂತ ನೋಡಿದ್ರೇನೆ ಯಾರು ಮುಖ್ಯ ಅಂತ ಅಂದಾಜು ಸಿಗತ್ತೆ.

ಹಂತ 2: ಕತ್ತರಿ ಪ್ರಯೋಗ, ಅಂದ್ರೆ ಸ್ಪ್ಲೈಸಿಂಗ್

ಬ್ಯಾಕ್ಟೀರಿಯಾ ಆಗಿದ್ರೆ ಈ ಹಂತಾನೇ ಬೇಡ, ಅಲ್ಲಿ ಕಾಪಿ ಇನ್ನೂ ಮುಗಿದೇ ಇರಲ್ಲ, ಅಷ್ಟರಲ್ಲಿ ರೈಬೋಸೋಮ್ ಬಂದು ಓದೋಕ್ ಶುರು ಮಾಡಿರತ್ತೆ. ನಮ್ಮಲ್ಲಿ ಹಂಗಲ್ಲ, ಮೊದಲು ಬಂದಿರೋ ಕಾಪಿ ಕಚ್ಚಾ ಮಾಲು.

ಮೂರು ಕೆಲಸ ಆಗ್ಬೇಕು. 5′ ತುದಿಗೆ ಕ್ಯಾಪ್, ಅಂದ್ರೆ ಮೀಥೈಲ್ ಹಚ್ಚಿರೋ ಒಂದು ಜಿಯನ್ನ ಉಲ್ಟಾ ಕೂರ್ಸೋದು. 3′ ತುದಿಗೆ ಪಾಲಿ-ಎ ಬಾಲ, ನಮ್ಮಂಥ ಪ್ರಾಣಿಗಳಲ್ಲಿ ಸುಮಾರು 200 ಎ ಸಾಲಾಗಿ, ಈ ಎಗಳು ಡಿಎನ್‌ಎಯಲ್ಲಿ ಬರೆದಿರಲ್ಲ, ಒಂದು ಎಂಜೈಮ್ ಆಮೇಲೆ ಸೇರ್ಸತ್ತೆ. ಇವೆರಡೂ ಎಂಆರ್‌ಎನ್‌ಎ ಬೇಗ ಹಾಳಾಗದೆ ಇರೋಕೆ ಮತ್ತೆ ರೈಬೋಸೋಮ್ ಬಂದು ಹಿಡ್ಕೊಳ್ಳೋಕೆ. ಮೂರನೇದು ಇಂಟ್ರಾನ್ ತೆಗೆಯೋದು.

ಇಂಟ್ರಾನ್ ತೆಗೆಯೋ ಕೆಲಸದಲ್ಲಿ ಎಸ್‌ಎನ್‌ಆರ್‌ಎನ್‌ಎ ಅನ್ನೋ ಪುಟ್ಟ ಆರ್‌ಎನ್‌ಎಗಳು ಬರ್ತವೆ, ಯು1, ಯು2, ಯು4, ಯು5, ಯು6 ಅಂತ ಐದು. ಇವು ಪ್ರೋಟೀನ್‌ಗಳ ಜೊತೆ ಸೇರಿ ಸ್ಪ್ಲೈಸೋಸೋಮ್ ಆಗ್ತವೆ. ನಿಮ್ಮ ಹಾಳೇಲಿ ಇಂಟ್ರಾನ್ ಶುರುವಾಗೋದು ಜಿಯು ಇಂದ, ಮುಗಿಯೋದು ಎಜಿ ಇಂದ, ಗಮನಿಸಿದ್ರಾ? ಹೆಚ್ಚುಕಮ್ಮಿ ಎಲ್ಲಾ ಇಂಟ್ರಾನ್‌ಗಳದ್ದೂ ಅದೇ ಕಥೆ. ಯು1ರ ತುದೀಲಿರೋ ಅಕ್ಷರಗಳು ಆ ಜಿಯುಎಎಜಿಯು ಭಾಗಕ್ಕೆ ಜೋಡಿ ಆಗೋ ಥರಾನೇ ಇದಾವೆ, ಹಂಗಾಗಿ ಅದು ನೇರವಾಗಿ ಹೋಗಿ ಅಲ್ಲಿ ಕೂರತ್ತೆ. ಯು2 ಇಂಟ್ರಾನ್ ಒಳಗಿರೋ ಇನ್ನೊಂದು ಜಾಗ ಹಿಡಿಯತ್ತೆ. ಕೊನೆಗೆ ಕತ್ತರಿಸಿ ಅಂಟಿಸೋ ರಸಾಯನ ಕ್ರಿಯೆ ನಡೆಯೋದು ಯು2, ಯು6 ಸೇರಿ ಮಾಡಿರೋ ಜಾಗದಲ್ಲಿ. ಜಾಗ ಹುಡುಕೋದೂ ಆರ್‌ಎನ್‌ಎ, ಕತ್ತರಿ ಹಾಕೋದೂ ಆರ್‌ಎನ್‌ಎ. ಜೀನ್‌ಗಳು ಹಿಂಗೆ ತುಂಡು ತುಂಡಾಗಿ ಇರ್ತವೆ ಅಂತ 1977ರಲ್ಲಿ ಗೊತ್ತಾಗಿದ್ದು, ಅದಕ್ಕೆ ಫಿಲಿಪ್ ಶಾರ್ಪ್ ಮತ್ತೆ ರಿಚರ್ಡ್ ರಾಬರ್ಟ್ಸ್‌ಗೆ 1993ರಲ್ಲಿ ನೊಬೆಲ್ ಬಂತು.

ಹಾಳೇಲಿ ಗೆರೆ ಮಧ್ಯದ ಭಾಗ ಹೊಡೆದುಹಾಕಿ, ಉಳಿದಿದ್ದು ಒಂದೇ ಸಾಲಲ್ಲಿ ಬರೀರಿ:

5′ – ಕ್ಯಾಪ್ – ಸಿಸಿಎ ಎಯುಜಿ ಜಿಸಿಯು ಯುಜಿಜಿ ಎಎಎ ಯುಯುಸಿ ಯುಎಎ ಜಿಸಿ – ಎಎಎಎ… – 3′

ಇದು ಪಕ್ವವಾದ ಎಂಆರ್‌ಎನ್‌ಎ. ಇದು ನ್ಯೂಕ್ಲಿಯಸ್‌ನಿಂದ ಹೊರಗೆ ಹೋಗತ್ತೆ. ಕತ್ತರಿಸೋವಾಗ ಒಂದೇ ಒಂದು ಅಕ್ಷರ ಆಚೀಚೆ ಆದ್ರೂ ಮುಂದಿಂದೆಲ್ಲಾ ಹಾಳು, ಅದನ್ನ ಹಂತ 8ರಲ್ಲಿ ಬೇಕಂತಾನೇ ಮಾಡಿ ನೋಡೋಣ.

ಹಂತ 3: ಎಲ್ಲಿಂದ ಓದ್ಬೇಕು ಅಂತ ಗೊತ್ತು ಮಾಡ್ಕೊಳ್ಳೋದು

ಎಂಆರ್‌ಎನ್‌ಎಯ ಮೊದಲ ಅಕ್ಷರದಿಂದಾನೇ ಓದೋಕ್ ಶುರು ಮಾಡ್ಬೇಡಿ. ನಮ್ಮ ಉದಾಹರಣೇಲಿ ಸಿಸಿಎ ಬರೀ ಮುನ್ನುಡಿ. ನಮ್ಮ ಜೀವಕೋಶದಲ್ಲಿ ರೈಬೋಸೋಮಿನ ಚಿಕ್ಕ ಭಾಗ ಕ್ಯಾಪ್ ಹತ್ರ ಹತ್ತಿ, 5′ ಕಡೆಯಿಂದ ತಡವಿಕೊಂಡು ಬರತ್ತೆ, ಸಾಮಾನ್ಯವಾಗಿ ಮೊದಲು ಸಿಕ್ಕ ಒಳ್ಳೆ ಎಯುಜಿ ಹತ್ರ ನಿಲ್ಲತ್ತೆ. ಅಲ್ಲಿಂದ ಮೂರ್ಮೂರು ಅಕ್ಷರ ಗುಂಪು.

ಬ್ಯಾಕ್ಟೀರಿಯಾದಲ್ಲಿ ಕ್ಯಾಪ್ ಇಲ್ಲ, ಅಲ್ಲಿ ವಿಧಾನಾನೇ ಬೇರೆ. ಎಯುಜಿಗೆ ಸ್ವಲ್ಪ ಮುಂಚೆ ಎಜಿಜಿಎಜಿಜಿ ಥರದ ಒಂದು ಸಾಲು ಇರತ್ತೆ, ಶೈನ್-ಡಾಲ್ಗಾರ್ನೋ ಸೀಕ್ವೆನ್ಸ್ ಅಂತಾರೆ, ಅದಕ್ಕೆ ಚಿಕ್ಕ ಭಾಗದಲ್ಲಿರೋ 16ಎಸ್ ಆರ್‌ಆರ್‌ಎನ್‌ಎಯ ಬಾಲ ಜೋಡಿ ಆಗಿ ಕೂರತ್ತೆ. ಅಂದ್ರೆ ಎಂಆರ್‌ಎನ್‌ಎಯನ್ನ ಸರಿಯಾದ ಜಾಗಕ್ಕೆ ಎಳೆದು ಕೂರ್ಸೋದು ಆರ್‌ಆರ್‌ಎನ್‌ಎ. ಮೂರು ಸಾಲಿನ ಉತ್ತರದಲ್ಲಿ ಇದರ ಸುದ್ದಿನೇ ಇರಲ್ಲ ನೋಡಿ.

ನಿಮ್ಮ ಹಾಳೇಲಿ ಎಯುಜಿ ಮೇಲೆ ಬಣ್ಣದ ಪೆನ್ನಲ್ಲಿ ಸುತ್ತು ಹಾಕಿ, ಅಲ್ಲಿಂದ ಮುಂದಕ್ಕೆ ಮೂರು ಮೂರಕ್ಕೆ ಗೆರೆ ಎಳೀರಿ.

ಹಂತ 4: ಟಿಆರ್‌ಎನ್‌ಎ ಲೋಡ್ ಮಾಡೋದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಜೆನೆಟಿಕ್ ಕೋಡ್‌ನ ಗುಟ್ಟು ಇರೋದೇ ಇಲ್ಲಿ.

ಸಮಸ್ಯೆ ಏನಪ್ಪಾ ಅಂದ್ರೆ ಜಿಸಿಯು ಅನ್ನೋ ಮೂರು ಅಕ್ಷರಕ್ಕೂ ಅಲನೈನ್ ಅನ್ನೋ ಅಮೈನೋ ಆಸಿಡ್‌ಗೂ ಆಕಾರದಲ್ಲಿ ಯಾವ ಹೊಂದಾಣಿಕೇನೂ ಇಲ್ಲ, ಒಂದನ್ನ ನೋಡಿ ಇನ್ನೊಂದು ಬಂದು ಅಂಟ್ಕೊಳ್ಳೋಕೆ ಕಾರಣಾನೇ ಇಲ್ಲ. ಮಧ್ಯೆ ಒಬ್ಬ ಅಡಾಪ್ಟರ್ ಇರ್ಲೇಬೇಕು ಅಂತ ಫ್ರಾನ್ಸಿಸ್ ಕ್ರಿಕ್ 1955ರಲ್ಲೇ ಊಹೆ ಮಾಡಿದ್ರು, ಆಗ ಟಿಆರ್‌ಎನ್‌ಎ ಇನ್ನೂ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಆಮೇಲೆ 1965ರಲ್ಲಿ ರಾಬರ್ಟ್ ಹಾಲಿ ತಂಡ ಯೀಸ್ಟ್‌ನ ಅಲನೈನ್ ಟಿಆರ್‌ಎನ್‌ಎಯ ಪೂರ್ತಿ ಅಕ್ಷರ ಸಾಲು ಓದಿ ಮುಗಿಸ್ತು.

ಟಿಆರ್‌ಎನ್‌ಎ ಅಂದ್ರೆ ಸುಮಾರು 76ರಿಂದ 90 ಅಕ್ಷರದ ಪುಟ್ಟ ಆರ್‌ಎನ್‌ಎ. ಪುಸ್ತಕದ ಚಿತ್ರದಲ್ಲಿ ಮೂರೆಲೆ ಥರ ಬಿಡಿಸಿರ್ತಾರೆ, ನಿಜದಲ್ಲಿ ಅದು ಮಡಚ್ಕೊಂಡು ಇಂಗ್ಲಿಷಿನ ಎಲ್ ಅಕ್ಷರದ ಥರ ಇರತ್ತೆ. ಒಂದು ತುದೀಲಿ ಆಂಟಿಕೋಡಾನ್, ಇನ್ನೊಂದು ತುದೀಲಿ, ಅಂದ್ರೆ 3′ ತುದೀಲಿ, ಸಿಸಿಎ ಅನ್ನೋ ಮೂರು ಅಕ್ಷರ. ಎಲ್ಲಾ ಟಿಆರ್‌ಎನ್‌ಎಗಳಿಗೂ ಈ ಸಿಸಿಎ ಇದ್ದೇ ಇರತ್ತೆ, ಅಮೈನೋ ಆಸಿಡ್ ಅಂಟೋದು ಆ ಕೊನೆ ಎಗೆ. (ನಮ್ಮ ಎಂಆರ್‌ಎನ್‌ಎ ಮುಂದಿರೋ ಸಿಸಿಎಗೂ ಇದಕ್ಕೂ ಸಂಬಂಧ ಇಲ್ಲ, ಗೊಂದಲ ಮಾಡ್ಕೋಬೇಡಿ.)

ಯಾವ ಟಿಆರ್‌ಎನ್‌ಎಗೆ ಯಾವ ಅಮೈನೋ ಆಸಿಡ್ ಅಂತ ತೀರ್ಮಾನ ಮಾಡೋದು ಅಮೈನೋಅಸೈಲ್-ಟಿಆರ್‌ಎನ್‌ಎ ಸಿಂಥಟೇಸ್ ಅನ್ನೋ ಎಂಜೈಮ್‌ಗಳು, 20 ಅಮೈನೋ ಆಸಿಡ್‌ಗೆ ಸಾಧಾರಣವಾಗಿ ತಲಾ ಒಂದು. ಎಟಿಪಿ (ಜೀವಕೋಶದ ಇಂಧನ) ಖರ್ಚು ಮಾಡಿ ಅಂಟಿಸ್ತವೆ. ಐಸೋಲ್ಯೂಸಿನ್‌ಗೂ ವ್ಯಾಲಿನ್‌ಗೂ ವ್ಯತ್ಯಾಸ ಒಂದೇ ಒಂದು ಸಿಎಚ್2 ತುಣುಕು, ಆದ್ರೂ ಐಸೋಲ್ಯೂಸಿನ್‌ನ ಎಂಜೈಮ್ ತಪ್ಪಿ ವ್ಯಾಲಿನ್ ಹಾಕಿದ್ರೆ ಅದನ್ನ ಗುರುತಿಸಿ ಕಿತ್ತುಹಾಕೋಕೆ ಅದರಲ್ಲೇ ಇನ್ನೊಂದು ಜಾಗ ಇದೆ.

ಇಷ್ಟೊಂದು ಎಚ್ಚರಿಕೆ ಯಾಕೆ ಅಂದ್ರೆ ಮುಂದೆ ಅಮೈನೋ ಆಸಿಡ್ ಸರಿ ಇದ್ಯಾ ಅಂತ ಚೆಕ್ ಮಾಡೋರೇ ಇಲ್ಲ ಅನ್ನಬಹುದು. 1962ರಲ್ಲಿ ಒಂದು ಚಂದದ ಪ್ರಯೋಗ ಆಯ್ತು. ಸಿಸ್ಟೀನ್ ಹೊತ್ಕೊಂಡಿರೋ ಟಿಆರ್‌ಎನ್‌ಎ ತಗೊಂಡು, ಅದರ ಮೇಲೆ ಅಂಟಿರೋ ಸಿಸ್ಟೀನನ್ನೇ ರಾಸಾಯನಿಕವಾಗಿ ಅಲನೈನ್ ಆಗಿ ಬದಲಾಯಿಸಿಬಿಟ್ರು, ಟಿಆರ್‌ಎನ್‌ಎ ಮುಟ್ಲಿಲ್ಲ. ಆಮೇಲೆ ರೈಬೋಸೋಮ್ ಇರೋ ಮಿಶ್ರಣಕ್ಕೆ ಹಾಕಿದಾಗ ಏನಾಯ್ತು? ಸಿಸ್ಟೀನ್ ಬರ್ಬೇಕಾದ ಜಾಗದಲ್ಲೆಲ್ಲಾ ಅಲನೈನ್ ಬಂದು ಕೂತಿತ್ತು. ಅಲ್ಲಿ ನೋಡೋದು ಆಂಟಿಕೋಡಾನ್ ಸರಿಯಾಗಿ ಕೂತಿದ್ಯಾ ಅಂತ, ಬೆನ್ನ ಮೇಲೆ ಏನಿದೆ ಅಂತ ಅಲ್ಲ.

ಈಗ ಹಾಳೆ ಕೆಲಸ. ಪ್ರತಿ ಕೋಡಾನ್ ಕೆಳಗೆ ಆಂಟಿಕೋಡಾನ್ ಬರೀರಿ, ಎಂಆರ್‌ಎನ್‌ಎ 5′ ಇಂದ 3′ ಇದ್ರೆ ಇದು 3′ ಇಂದ 5′:

ಎಯುಜಿ – ಯುಎಸಿ – ಮೆಥಿಯೋನಿನ್
ಜಿಸಿಯು – ಸಿಜಿಎ – ಅಲನೈನ್
ಯುಜಿಜಿ – ಎಸಿಸಿ – ಟ್ರಿಪ್ಟೋಫ್ಯಾನ್
ಎಎಎ – ಯುಯುಯು – ಲೈಸಿನ್
ಯುಯುಸಿ – ಎಎಜಿ – ಫಿನೈಲ್‌ಅಲನೈನ್
ಯುಎಎ – ಯಾವ ಟಿಆರ್‌ಎನ್‌ಎನೂ ಇಲ್ಲ (ಇದು ಸ್ಟಾಪ್ ಕೋಡಾನ್)

ಎರಡು ಎಚ್ಚರಿಕೆ. ಒಂದು, ಟೇಬಲ್‌ನಲ್ಲಿ ಹುಡುಕ್ಬೇಕಾಗಿರೋದು ಕೋಡಾನ್, ಆಂಟಿಕೋಡಾನ್ ಅಲ್ಲ. ಸಿಜಿಎ ಅಂತ ಹುಡುಕಿದ್ರೆ ಆರ್ಜಿನಿನ್ ಸಿಗತ್ತೆ, ಉತ್ತರ ಪೂರ್ತಿ ತಪ್ಪು. ಎರಡು, ಮೇಲಿನ ಪಟ್ಟಿ ಪೇಪರ್ ಮೇಲಿನ ಲೆಕ್ಕ. ಅಮೈನೋ ಆಸಿಡ್ ಸೂಚಿಸೋ ಕೋಡಾನ್ 61 ಇದ್ರೂ ಅಷ್ಟು ಬಗೆ ಟಿಆರ್‌ಎನ್‌ಎ ಬೇಕಾಗಲ್ಲ, ಕೋಡಾನ್‌ನ ಮೂರನೇ ಅಕ್ಷರದ ಹತ್ರ ಜೋಡಿ ಸ್ವಲ್ಪ ಸಡಿಲ ಇದ್ರೂ ನಡಿಯತ್ತೆ. ಇದನ್ನೂ ಕ್ರಿಕ್ಕೇ 1966ರಲ್ಲಿ ವಾಬಲ್ ಅಂತ ವಿವರಿಸಿದ್ರು. ಉದಾಹರಣೆಗೆ ಯುಯುಸಿ ಓದೋ ಆ ಫಿನೈಲ್‌ಅಲನೈನ್ ಟಿಆರ್‌ಎನ್‌ಎನೇ ಯುಯುಯು ಕೂಡ ಓದತ್ತೆ, ಅದರ ಜಿ ಎದುರಿಗೆ ಸಿ ಬಂದ್ರೂ ಸರಿ ಯು ಬಂದ್ರೂ ಸರಿ.

ಟೇಬಲ್ ಹೆಂಗೆ ಗೊತ್ತಾಯ್ತು ಅಂತ ಕುತೂಹಲ ಇದ್ರೆ: 1961ರಲ್ಲಿ ಮಾರ್ಷಲ್ ನೀರೆನ್‌ಬರ್ಗ್ ಮತ್ತೆ ಹೈನ್ರಿಖ್ ಮಥಾಯ್ ಬರೀ ಯು ಇರೋ ಆರ್‌ಎನ್‌ಎ ಹಾಕಿ ಬರೀ ಫಿನೈಲ್‌ಅಲನೈನ್ ಇರೋ ಸರಪಳಿ ಪಡೆದ್ರು, ಮೊದಲ ಕೋಡಾನ್ ಸಿಕ್ತು. ಹರ್‌ಗೋಬಿಂದ್ ಖುರಾನಾ ಯುಸಿಯುಸಿಯುಸಿ ಥರ ಪುನರಾವರ್ತನೆ ಆಗೋ ಆರ್‌ಎನ್‌ಎ ಬಳಸಿದ್ರು, ಸೆರಿನ್-ಲ್ಯೂಸಿನ್-ಸೆರಿನ್-ಲ್ಯೂಸಿನ್ ಅಂತ ಬಂತು, ಯುಸಿಯು ಸೆರಿನ್, ಸಿಯುಸಿ ಲ್ಯೂಸಿನ್. ನೀರೆನ್‌ಬರ್ಗ್, ಖುರಾನಾ, ಹಾಲಿ ಮೂವರಿಗೂ 1968ರ ನೊಬೆಲ್.

ಹಂತ 5: ರೈಬೋಸೋಮ್ ಕೂರ್ಸೋದು, ಇಲ್ಲಿ ಆರ್‌ಆರ್‌ಎನ್‌ಎ ನೋಡಿ

ರೈಬೋಸೋಮ್‌ಗೆ ಎರಡು ಭಾಗ. ಬ್ಯಾಕ್ಟೀರಿಯಾದಲ್ಲಿ 30ಎಸ್ ಮತ್ತೆ 50ಎಸ್ ಸೇರಿ 70ಎಸ್. ನಮ್ಮಲ್ಲಿ 40ಎಸ್, 60ಎಸ್ ಸೇರಿ 80ಎಸ್. ಕೂಡಿದ್ರೆ ಲೆಕ್ಕ ಸರಿಹೋಗಲ್ಲ ಅಂತ ತಲೆ ಕೆಡಿಸ್ಕೋಬೇಡಿ, ಎಸ್ ಅನ್ನೋದು ತೂಕ ಅಲ್ಲ, ಸೆಂಟ್ರಿಫ್ಯೂಜ್‌ನಲ್ಲಿ ಎಷ್ಟು ಬೇಗ ಕೆಳಗಿಳಿಯತ್ತೆ ಅನ್ನೋ ಅಳತೆ. ಇ. ಕೋಲೈ ಬ್ಯಾಕ್ಟೀರಿಯಾದ ಚಿಕ್ಕ ಭಾಗದಲ್ಲಿ 16ಎಸ್ ಆರ್‌ಆರ್‌ಎನ್‌ಎ, 1542 ಅಕ್ಷರ. ದೊಡ್ಡದರಲ್ಲಿ 23ಎಸ್, 2904 ಅಕ್ಷರ, ಜೊತೆಗೆ 120 ಅಕ್ಷರದ 5ಎಸ್. ನಮ್ಮಲ್ಲಿ ಚಿಕ್ಕದರಲ್ಲಿ 18ಎಸ್, ದೊಡ್ಡದರಲ್ಲಿ 28ಎಸ್, 5.8ಎಸ್, 5ಎಸ್. ಬ್ಯಾಕ್ಟೀರಿಯಾ ರೈಬೋಸೋಮ್‌ನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಆರ್‌ಎನ್‌ಎನೇ.

ಚಿಕ್ಕ ಭಾಗದ ಕೆಲಸ ಓದೋದು. ಕೋಡಾನ್ ಆಂಟಿಕೋಡಾನ್ ಕೂತಾಗ ಜೋಡಿ ಸರಿ ಇದ್ಯಾ ಅಂತ ಪರೀಕ್ಷೆ ಮಾಡೋದು 16ಎಸ್‌ನ 1492, 1493ನೇ ಎಗಳು ಮತ್ತೆ 530ನೇ ಜಿ. ಇವು ಜೋಡಿಯ ಪಕ್ಕದ ಸಂದಿಗೆ ಬಂದು ಅಳತೆ ನೋಡ್ತವೆ, ಮೊದಲ ಎರಡು ಅಕ್ಷರ ಬಿಗಿಯಾಗಿ, ಮೂರನೇದಕ್ಕೆ ಸ್ವಲ್ಪ ರಿಯಾಯಿತಿ. ಮೇಲೆ ಹೇಳಿದ ವಾಬಲ್‌ಗೆ ಜಾಗ ಸಿಗೋದು ಇಲ್ಲೇ.

ದೊಡ್ಡ ಭಾಗದ ಕೆಲಸ ಜೋಡಿಸೋದು, ಅಂದ್ರೆ ಪೆಪ್ಟೈಡ್ ಬಾಂಡ್. ತುಂಬ ವರ್ಷ ಎಲ್ಲರೂ ಯಾವುದೋ ಒಂದು ಪ್ರೋಟೀನ್ ಈ ಕೆಲಸ ಮಾಡ್ತಿರತ್ತೆ, ಹುಡುಕಿದ್ರೆ ಸಿಗತ್ತೆ ಅಂತಾನೇ ಅಂದ್ಕೊಂಡಿದ್ರು. 1992ರಲ್ಲಿ ಹ್ಯಾರಿ ನೋಲರ್ ತಂಡ ದೊಡ್ಡ ಭಾಗದಿಂದ ಹೆಚ್ಚುಕಮ್ಮಿ ಪ್ರೋಟೀನ್ ಎಲ್ಲಾ ತೆಗೆದುಹಾಕಿದ್ರೂ ಬಾಂಡ್ ಮಾಡೋ ಶಕ್ತಿ ಉಳಿದಿತ್ತು ಅಂತ ತೋರ್ಸಿತು, ಆದ್ರೂ "ಇನ್ನೂ ಸ್ವಲ್ಪ ಪ್ರೋಟೀನ್ ಉಳಿದಿದೆಯಲ್ಲ" ಅನ್ನೋ ಅನುಮಾನ ಹೋಗ್ಲಿಲ್ಲ. 2000ದಲ್ಲಿ ದೊಡ್ಡ ಭಾಗದ ಪರಮಾಣು ಮಟ್ಟದ ರಚನೆ ಬಂತು. ಬಾಂಡ್ ಆಗೋ ಜಾಗದ ಸುತ್ತ ಸುಮಾರು 18 ಆಂಗ್‌ಸ್ಟ್ರಾಮ್ ದೂರದವರೆಗೆ ಪ್ರೋಟೀನ್ ಅನ್ನೋದೇ ಇಲ್ಲ, ಬರೀ ಆರ್‌ಎನ್‌ಎ. ಅಲ್ಲಿಗೆ ವಾದ ಮುಗೀತು, ಪ್ರೋಟೀನ್ ಮಾಡೋ ಎಂಜೈಮ್ ಆರ್‌ಆರ್‌ಎನ್‌ಎನೇ. ರೈಬೋಸೋಮ್ ರಚನೆಗೆ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಅಡಾ ಯೊನಾತ್‌ಗೆ 2009ರ ನೊಬೆಲ್ ಬಂತು.

ಇಷ್ಟು ತಿಳ್ಕೊಂಡ್ರೆ ಆಂಟಿಬಯೋಟಿಕ್‌ಗಳ ಅರ್ಧ ಅಧ್ಯಾಯ ಪುಕ್ಕಟೆ. ಸ್ಟ್ರೆಪ್ಟೋಮೈಸಿನ್ ಹೋಗಿ ಕೂರೋದು ಚಿಕ್ಕ ಭಾಗದಲ್ಲಿ, ಓದೋದು ತಪ್ಪಾಗತ್ತೆ. ಟೆಟ್ರಾಸೈಕ್ಲಿನ್ ಹೊಸ ಟಿಆರ್‌ಎನ್‌ಎ ಒಳಗೆ ಬರದಂತೆ ತಡೆಯತ್ತೆ. ಕ್ಲೋರಾಂಫೆನಿಕಾಲ್ ಬಾಂಡ್ ಆಗೋ ಜಾಗಕ್ಕೇ ಅಡ್ಡ ಕೂರತ್ತೆ. ಎರಿಥ್ರೋಮೈಸಿನ್ ಸರಪಳಿ ಹೊರಗೆ ಬರೋ ಸುರಂಗ ಕಟ್ಟಿಹಾಕತ್ತೆ. ಎಲ್ಲಾ ಮುಖ್ಯವಾಗಿ ಹಿಡಿಯೋದು ಆರ್‌ಆರ್‌ಎನ್‌ಎಯನ್ನೇ. ನಮ್ಮ ಕಡೆಗೂ ಒಂದು ಉದಾಹರಣೆ ಇದೆ, ಹರಳೆ ಬೀಜದಲ್ಲಿರೋ ರೈಸಿನ್ ಅನ್ನೋ ವಿಷ ನಮ್ಮ 28ಎಸ್ ಆರ್‌ಆರ್‌ಎನ್‌ಎಯಿಂದ ಒಂದೇ ಒಂದು ಎ ಬೇಸ್ ಕಿತ್ತುಹಾಕತ್ತೆ, ಅಷ್ಟಕ್ಕೇ ಇಡೀ ರೈಬೋಸೋಮ್ ಬಂದ್.

ಹಂತ 6: ಎ, ಪಿ, ಇ ಸುತ್ತು ಓಡಿಸೋದು

ಹಾಳೆ ಮೇಲೆ ಪಕ್ಕಪಕ್ಕ ಮೂರು ಚೌಕ ಬರೀರಿ, ಎಡದಿಂದ ಇ, ಪಿ, ಎ. ಎ ಅಂದ್ರೆ ಹೊಸ ಟಿಆರ್‌ಎನ್‌ಎ ಬರೋ ಜಾಗ, ಪಿ ಅಂದ್ರೆ ಸರಪಳಿ ಹಿಡ್ಕೊಂಡಿರೋ ಟಿಆರ್‌ಎನ್‌ಎ ಜಾಗ, ಇ ಅಂದ್ರೆ ಖಾಲಿ ಆದದ್ದು ಹೊರಹೋಗೋ ಬಾಗಿಲು.

ಮೊದಲ ಮೆಥಿಯೋನಿನ್ ಟಿಆರ್‌ಎನ್‌ಎ ನೇರ ಪಿಗೆ ಬಂದು ಕೂರತ್ತೆ, ಇದಕ್ಕೆ ಮಾತ್ರ ಆ ವಿನಾಯಿತಿ, ಇದು ಶುರುವಿಗೇ ಮೀಸಲಾದ ಟಿಆರ್‌ಎನ್‌ಎ. ಆಮೇಲೆ ಅಲನೈನ್ ಟಿಆರ್‌ಎನ್‌ಎ ಎಗೆ ಬರತ್ತೆ. ಈಗ ಬಾಂಡ್. ಇಲ್ಲಿ ಹೆಚ್ಚಿನವರು ಹೊಸ ಅಮೈನೋ ಆಸಿಡ್ ಹೋಗಿ ಹಳೇ ಸರಪಳಿ ತುದಿಗೆ ಸೇರತ್ತೆ ಅಂತ ಬಾಣ ಹಾಕ್ತಾರೆ, ಅದು ಉಲ್ಟಾ. ಪಿಯಲ್ಲಿರೋ ಇಡೀ ಸರಪಳಿ ತನ್ನ ಟಿಆರ್‌ಎನ್‌ಎ ಬಿಟ್ಟು ಎಯಲ್ಲಿರೋ ಹೊಸ ಅಮೈನೋ ಆಸಿಡ್ ಮೇಲೆ ಹೋಗಿ ಸೇರ್ಕೊಳತ್ತೆ. ಆಮೇಲೆ ರೈಬೋಸೋಮ್ ಒಂದು ಕೋಡಾನ್ ಮುಂದೆ ಜರುಗತ್ತೆ, ಎಯಲ್ಲಿದ್ದದ್ದು ಪಿಗೆ, ಪಿಯಲ್ಲಿದ್ದ ಖಾಲಿದು ಇಗೆ, ಎ ಮತ್ತೆ ಖಾಲಿ.

ನಿಮ್ಮ ಐದು ಕೋಡಾನ್‌ಗೂ ಇದನ್ನ ಬಿಡಿಸ್ಲೇಬೇಕು, ಬೋರ್ ಆದ್ರೂ ಪರ್ವಾಗಿಲ್ಲ, ಮೂರನೇ ಸುತ್ತಿಗೆ ಕೈ ತಾನಾಗೇ ಹೋಗತ್ತೆ. ಕೊನೆಗೆ ಮೆಥಿಯೋನಿನ್-ಅಲನೈನ್-ಟ್ರಿಪ್ಟೋಫ್ಯಾನ್-ಲೈಸಿನ್-ಫಿನೈಲ್‌ಅಲನೈನ್.

ಬ್ಯಾಕ್ಟೀರಿಯಾ ಈ ಸುತ್ತನ್ನ ಸೆಕೆಂಡಿಗೆ 15-20 ಸಲ ಮಾಡತ್ತೆ, ನಮ್ಮ ಜೀವಕೋಶ ಸೆಕೆಂಡಿಗೆ ಐದಾರು. ಖರ್ಚು ನೋಡಿದ್ರೆ ಒಂದು ಅಮೈನೋ ಆಸಿಡ್‌ಗೆ ನಾಲ್ಕು ಹೈ-ಎನರ್ಜಿ ಫಾಸ್ಫೇಟ್ ಬಾಂಡ್, ಟಿಆರ್‌ಎನ್‌ಎ ಲೋಡ್ ಮಾಡೋಕೆ ಎರಡು, ಎಗೆ ತಂದು ಕೂರ್ಸೋಕೆ ಒಂದು, ಜರುಗೋಕೆ ಒಂದು. ಒಂದೇ ಎಂಆರ್‌ಎನ್‌ಎ ಮೇಲೆ ಹಿಂದೆ ಹಿಂದೆ ಸುಮಾರು ರೈಬೋಸೋಮ್ ಓಡ್ತಿರ್ತವೆ, ಅದಕ್ಕೆ ಪಾಲಿಸೋಮ್ ಅಂತಾರೆ.

ಸ್ಟಾಪ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಯುಎಎ, ಯುಎಜಿ, ಯುಜಿಎ ಎ ಜಾಗಕ್ಕೆ ಬಂದ್ರೆ ಅದಕ್ಕೆ ಟಿಆರ್‌ಎನ್‌ಎ ಇಲ್ಲ, ಬದಲಿಗೆ ರಿಲೀಸ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಒಳಗೆ ಬಂದು ಸರಪಳಿ ಬಿಡ್ಸತ್ತೆ, ರೈಬೋಸೋಮ್ ಎರಡು ಭಾಗ ಆಗಿ ಮುಂದಿನ ಕೆಲಸಕ್ಕೆ ಹೋಗತ್ತೆ.

ಹಂತ 7: ತೆರೆಮರೆಯ ಆರ್‌ಎನ್‌ಎಗಳನ್ನ ಹಾಳೇಲಿ ಸೇರ್ಸೋದು

ಈಗ ಬೇರೆ ಬಣ್ಣದ ಪೆನ್ನು ತಗೊಂಡು ಮೇಲಿನ ಹಂತಗಳ ಪಕ್ಕ ಇವನ್ನ ಬರ್ಕೊಳ್ಳಿ.

ಹಂತ 5ರ ಪಕ್ಕ ಎಸ್‌ಎನ್‌ಒ ಆರ್‌ಎನ್‌ಎ. ನ್ಯೂಕ್ಲಿಯೋಲಸ್‌ನಲ್ಲಿ ಆರ್‌ಆರ್‌ಎನ್‌ಎ ತಯಾರಾಗೋವಾಗ ಯಾವ ಅಕ್ಷರಕ್ಕೆ ಮೀಥೈಲ್ ಹಚ್ಚಬೇಕು, ಯಾವ ಯುಅನ್ನ ಸ್ಯೂಡೋಯುರಿಡಿನ್ ಮಾಡ್ಬೇಕು ಅಂತ ಜಾಗ ತೋರ್ಸೋದು ಇವು. ಹಂತ 4ರ ಪಕ್ಕ ಆರ್‌ಎನ್‌ಏಸ್ ಪಿ. ಟಿಆರ್‌ಎನ್‌ಎ ಕಚ್ಚಾ ರೂಪದಲ್ಲಿ ಉದ್ದ ಇರತ್ತೆ, ಅದರ 5′ ಕಡೆ ಹೆಚ್ಚುವರಿ ಭಾಗ ಕತ್ತರಿಸೋದು ಇದು, ಬ್ಯಾಕ್ಟೀರಿಯಾದ್ದರಲ್ಲಿ ಕತ್ತರಿಸೋ ಕೆಲಸ ಅದರೊಳಗಿನ ಆರ್‌ಎನ್‌ಎನೇ ಮಾಡತ್ತೆ. ಇದನ್ನ ಕಂಡುಹಿಡಿದ ಸಿಡ್ನಿ ಆಲ್ಟ್‌ಮನ್‌ಗೂ, ತನ್ನನ್ನ ತಾನೇ ಕತ್ತರಿಸ್ಕೊಳ್ಳೋ ಆರ್‌ಎನ್‌ಎ ಕಂಡ ಥಾಮಸ್ ಚೆಕ್‌ಗೂ 1989ರಲ್ಲಿ ನೊಬೆಲ್.

ಹಂತ 6ರ ಪಕ್ಕ ಎಸ್‌ಆರ್‌ಪಿ (ಸಿಗ್ನಲ್ ರೆಕಗ್ನಿಷನ್ ಪಾರ್ಟಿಕಲ್) ಒಳಗಿರೋ 7ಎಸ್ಎಲ್ ಆರ್‌ಎನ್‌ಎ. ಜೀವಕೋಶದಿಂದ ಹೊರಗೆ ಹೋಗ್ಬೇಕಾದ ಪ್ರೋಟೀನ್ ಆಗಿದ್ರೆ ಅದರ ಮುಂಭಾಗ ರೈಬೋಸೋಮ್‌ನಿಂದ ಇಣುಕ್ತಿದ್ದ ಹಾಗೇ ಎಸ್‌ಆರ್‌ಪಿ ಬಂದು ಹಿಡ್ಕೊಂಡು, ಇಡೀ ರೈಬೋಸೋಮ್ ಸಮೇತ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಹತ್ರ ಕರ್ಕೊಂಡು ಹೋಗತ್ತೆ.

ಆಮೇಲೆ ಮೈಕ್ರೋ ಆರ್‌ಎನ್‌ಎ, ಸುಮಾರು 22 ಅಕ್ಷರ. ಇದು ಪ್ರೋಟೀನ್ ಮಾಡಲ್ಲ, ಮಾಡೋದನ್ನ ತಡೆಯತ್ತೆ. ಆರ್ಗೊನಾಟ್ ಅನ್ನೋ ಪ್ರೋಟೀನ್ ಜೊತೆ ಸೇರಿ ಎಂಆರ್‌ಎನ್‌ಎಯ ಸ್ಟಾಪ್ ಆಚೆಗಿನ ಭಾಗದಲ್ಲಿ ಜೋಡಿ ಆಗಿ ಕೂತ್ರೆ ಆ ಎಂಆರ್‌ಎನ್‌ಎ ಓದೋದು ಕಮ್ಮಿ ಆಗತ್ತೆ, ಬೇಗ ನಾಶಾನೂ ಆಗತ್ತೆ. 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಮೊದಲು ಸಿಕ್ಕಿದ್ದು, ವಿಕ್ಟರ್ ಆಂಬ್ರೋಸ್ ಮತ್ತೆ ಗ್ಯಾರಿ ರುವ್ಕನ್‌ಗೆ 2024ರಲ್ಲಿ ನೊಬೆಲ್ ಬಂತು. ಇದರ ಹತ್ತಿರದ ಸಂಬಂಧಿ ಎಸ್‌ಐಆರ್‌ಎನ್‌ಎ, ಅದು ಪೂರ್ತಿ ಜೋಡಿ ಆಗಿ ಎಂಆರ್‌ಎನ್‌ಎಯನ್ನ ಕತ್ತರಿಸಿಯೇ ಬಿಡತ್ತೆ.

ಹಂತ 8: ಬೇಕಂತಾನೇ ಕೆಡಿಸಿ ನೋಡೋದು

ಅರ್ಥ ಆಗಿದ್ಯಾ ಇಲ್ವಾ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣಲ್ಲ.

ಮೊದಲ ಪ್ರಯೋಗ: ಎಯುಜಿ ಆದ ತಕ್ಷಣ ಬರೋ ಒಂದು ಜಿ ಅಳಿಸಿ. ಈಗ ಮೂರ್ಮೂರು ಗುಂಪು ಮಾಡಿದ್ರೆ ಎಯುಜಿ ಸಿಯುಯು ಜಿಜಿಎ ಎಎಯು ಯುಸಿಯು ಎಎಜಿ ಸಿ… ಅಂತ ಬರತ್ತೆ. ಮೆಥಿಯೋನಿನ್, ಲ್ಯೂಸಿನ್, ಗ್ಲೈಸಿನ್, ಆಸ್ಪರಜಿನ್, ಸೆರಿನ್, ಲೈಸಿನ್. ಎಲ್ಲಾ ಬದಲಾಯ್ತು, ಸ್ಟಾಪೂ ಮಾಯ. ಸ್ಟಾಪ್ ಇಲ್ಲದೆ ರೈಬೋಸೋಮ್ ಮುಂದೆ ಓಡಿ ಪಾಲಿ-ಎ ಬಾಲಕ್ಕೆ ನುಗ್ಗತ್ತೆ, ಸಿಎಎ ಗ್ಲುಟಮಿನ್, ಆಮೇಲೆ ಎಎಎ ಎಎಎ ಎಎಎ, ಬರೀ ಲೈಸಿನ್ ಲೈಸಿನ್ ಲೈಸಿನ್. ಲೈಸಿನ್‌ಗೆ ಪಾಸಿಟಿವ್ ಚಾರ್ಜ್, ಸುರಂಗದ ಗೋಡೆ ಆರ್‌ಎನ್‌ಎ, ಅಂದ್ರೆ ನೆಗೆಟಿವ್, ಸರಪಳಿ ಸಿಕ್ಕಾಕೊಂಡು ರೈಬೋಸೋಮ್ ನಿಧಾನ ಆಗಿ ನಿಲ್ಲತ್ತೆ, ಜೀವಕೋಶ ಆ ಎಂಆರ್‌ಎನ್‌ಎಯನ್ನೂ ಅರ್ಧಂಬರ್ಧ ಪ್ರೋಟೀನನ್ನೂ ನಾಶ ಮಾಡತ್ತೆ. ಬ್ಯಾಕ್ಟೀರಿಯಾದಲ್ಲಿ ಹಿಂಗೆ ಸ್ಟಾಪ್ ಸಿಗದೆ ಎಂಆರ್‌ಎನ್‌ಎ ತುದೀಲಿ ಸಿಕ್ಕಿಬಿದ್ದ ರೈಬೋಸೋಮನ್ನ ಬಿಡಿಸೋಕೆ ಟಿಎಂಆರ್‌ಎನ್‌ಎ ಅಂತ ಒಂದಿದೆ, ಅರ್ಧ ಟಿಆರ್‌ಎನ್‌ಎ ಥರ, ಅರ್ಧ ಎಂಆರ್‌ಎನ್‌ಎ ಥರ. ಎ ಜಾಗಕ್ಕೆ ಬಂದು ಕೂತು, ತನ್ನಲ್ಲಿರೋ ಪುಟ್ಟ ಸಂದೇಶ ಓದ್ಸಿ, ಆ ಹಾಳಾದ ಪ್ರೋಟೀನ್‌ಗೆ "ಇದನ್ನ ನಾಶ ಮಾಡಿ" ಅನ್ನೋ ಗುರುತು ಅಂಟಿಸಿ, ರೈಬೋಸೋಮ್ ಬಿಡಿಸತ್ತೆ.

ಎರಡನೇ ಪ್ರಯೋಗ: ಯುಜಿಜಿಯ ಕೊನೆ ಜಿಯನ್ನ ಎ ಮಾಡಿ. ಯುಜಿಎ, ಸ್ಟಾಪ್. ಐದರ ಬದಲು ಎರಡೇ ಅಮೈನೋ ಆಸಿಡ್. ಮೂರನೇದು: ಯುಯುಸಿಯನ್ನ ಯುಯುಯು ಮಾಡಿ, ಏನೂ ಬದಲಾಗಲ್ಲ, ಕಾರಣ ಹಂತ 4ರಲ್ಲೇ ಇದೆ.

ಕೊನೆಗೆ ಪೂರ್ತಿ ನೀವೇ ಮಾಡೋಕೆ ಒಂದು, ಇಂಟ್ರಾನ್ ಇಲ್ಲದ ಟೆಂಪ್ಲೇಟ್:

3′ – ಸಿಜಿ ಟಿಎಸಿ ಎಎಎ ಸಿಸಿಟಿ ಸಿಟಿಟಿ ಎಸಿಟಿ – 5′

ಉತ್ತರ ನೋಡೋಕ್ ಮುಂಚೆ ಮಾಡಿ. ಎಂಆರ್‌ಎನ್‌ಎ: 5′ – ಜಿಸಿ ಎಯುಜಿ ಯುಯುಯು ಜಿಜಿಎ ಜಿಎಎ ಯುಜಿಎ – 3′. ಸರಪಳಿ ಮೆಥಿಯೋನಿನ್-ಫಿನೈಲ್‌ಅಲನೈನ್-ಗ್ಲೈಸಿನ್-ಗ್ಲುಟಮಿಕ್ ಆಸಿಡ್, ಆಮೇಲೆ ಸ್ಟಾಪ್.

ಈಗ ಇದೇ ಎಂಆರ್‌ಎನ್‌ಎಯನ್ನ ಮನುಷ್ಯರ ಮೈಟೋಕಾಂಡ್ರಿಯಾ ಒಳಗೆ ಓದಿಸಿದ್ರೆ? ಮೈಟೋಕಾಂಡ್ರಿಯಾಗೆ ತನ್ನದೇ ಪುಟ್ಟ ಡಿಎನ್‌ಎ ಇದೆ, ಅದರಲ್ಲಿ 22 ಟಿಆರ್‌ಎನ್‌ಎ, ಎರಡು ಆರ್‌ಆರ್‌ಎನ್‌ಎ ಜೀನ್ ಇದಾವೆ. ಅಲ್ಲಿನ ಟ್ರಿಪ್ಟೋಫ್ಯಾನ್ ಟಿಆರ್‌ಎನ್‌ಎಯ ಆಂಟಿಕೋಡಾನ್ 3′ ಕಡೆಯಿಂದ ಓದಿದ್ರೆ ಎಸಿಯು, ಅದು ಯುಜಿಜಿಗೂ ಕೂರತ್ತೆ, ಯುಜಿಎಗೂ ಕೂರತ್ತೆ. ಹಂಗಾಗಿ ಅಲ್ಲಿ ಯುಜಿಎ ಸ್ಟಾಪ್ ಅಲ್ಲ, ಐದನೇ ಅಮೈನೋ ಆಸಿಡ್ ಆಗಿ ಟ್ರಿಪ್ಟೋಫ್ಯಾನ್ ಬಂದು ಸೇರ್ಕೊಳತ್ತೆ, ಸ್ಟಾಪ್ ಸಿಗದೆ ರೈಬೋಸೋಮ್ ಎಂಆರ್‌ಎನ್‌ಎ ತುದೀಲಿ ನಿಂತ್ಕೊಳತ್ತೆ. ಎಂಆರ್‌ಎನ್‌ಎಯ ಒಂದು ಅಕ್ಷರಾನೂ ಬದಲಾಗಿಲ್ಲ, ಬದಲಾಗಿದ್ದು ಅದನ್ನ ಓದೋ ಟಿಆರ್‌ಎನ್‌ಎ.